ಟ್ಯೂಮರ್ ಇಲ್ಲ ಅಂದ್ರೂ ಕಥೆ ಮುಗಿಯೋದಿಲ್ಲ!

ನಮ್ಮ ಸಿನಿಮಾಗಳಲ್ಲಿ ತಲೆನೋವಿಗೆ ಒಂದೇ ಒಂದು ಅರ್ಥ. ನಾಯಕ ಹಾಡಿನ ಮಧ್ಯೆ ತಲೆ ಹಿಡಿದುಕೊಳ್ಳುತ್ತಾನೆ. ಕ್ಯಾಮೆರಾ ಗಿರ್ ಅಂತ ತಿರುಗುತ್ತದೆ. ಮುಂದಿನ ದೃಶ್ಯದಲ್ಲಿ ಬಿಳಿ ಕೋಟಿನ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಕನ್ನಡಕ ತೆಗೆದು, ಒರೆಸಿ, "ಐ ಯಾಮ್ ಸಾರಿ... ಬ್ರೇನ್ ಟ್ಯೂಮರ್!" ಅನ್ನುತ್ತಾರೆ. ಹಿನ್ನೆಲೆಯಲ್ಲಿ ಪಿಟೀಲು. ತಾಯಿ ಕೈಲಿದ್ದ ಆರತಿ ತಟ್ಟೆ ನೆಲಕ್ಕೆ. ಇಂಟರ್‌ವಲ್!

ಇನ್ನೊಂದು ನಮೂನೆಯೂ ಇದೆ. ರಿಪೋರ್ಟು ಅದಲುಬದಲಾಗಿರುತ್ತದೆ. ಕೊನೇ ರೀಲಿನಲ್ಲಿ ಅದೇ ಡಾಕ್ಟರು ಓಡಿ ಬಂದು "ನಿಮಗೇನೂ ಆಗಿಲ್ಲ, ಟ್ಯೂಮರ್ ಇಲ್ಲವೇ ಇಲ್ಲ!" ಅಂತಾರೆ. ದೇವಸ್ಥಾನದ ಗಂಟೆ ಢಣ್ ಅನ್ನುತ್ತದೆ. ಎಲ್ಲರೂ ನಗುತ್ತಾರೆ. ಶುಭಂ!

ಗೆಳೆಯರೇ, ಈ ಎರಡರ ಮಧ್ಯೆ ಮೂರನೆಯ ಕಥೆ ಒಂದಿದೆ. ಅದನ್ನು ಯಾವ ನಿರ್ದೇಶಕರೂ ತೆಗೆದದ್ದು ನಾನು ಕಂಡಿಲ್ಲ. ತಲೆನೋವು ಇದೆ, ಟ್ಯೂಮರ್ ಇಲ್ಲ, ಆದರೂ ಶುಭಂ ಬರೋದಿಲ್ಲ. ಅಸಲು ಅಪಾಯ ಶುರುವಾಗೋದೇ "ಟ್ಯೂಮರ್ ಇಲ್ಲ" ಅಂದ ಮೇಲೆ. ಈ ವಾರ ತಾರೆಯರನ್ನು ಅವರ ಪಾಡಿಗೆ ಬಿಟ್ಟು ಆ ಕಥೆ ಹೇಳ್ತೀನಿ. ಬಸ್ಸು ಬರೋದು ಹೇಗೂ ತಡ, ಓದಿ.

ಪಿಯುಸಿ ಅರ್ಧಕ್ಕೇ ಬಿಟ್ಟವನು ವೈದ್ಯಶಾಸ್ತ್ರ ಹೇಳಲು ಹೊರಟನಲ್ಲ ಅಂತ ನಗಬೇಡಿ. ಇಲ್ಲಿ ಬರೆಯುವ ಮಾತುಗಳು ಬಲ್ಲವರನ್ನು ಕೇಳಿ ಬರೆದುಕೊಂಡವು. ಉಳಿದದ್ದು ನಮ್ಮ ಮನೆಯಲ್ಲಿ ಕಣ್ಣಾರೆ ಕಂಡದ್ದು.

ಸೇತುವೆ ಊರಿನ ವೈನಿ

ನಮ್ಮೂರು ಅನಗವಾಡಿ, ಬೀಳಗಿ ತಾಲೂಕು. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹೋದವರು ಘಟಪ್ರಭೆಯ ಸೇತುವೆ ದಾಟಿರುತ್ತೀರಿ. ಆ ಸೇತುವೆಯ ಊರೇ ನಮ್ಮದು. ಅಲ್ಲಿ ನಮ್ಮ ಅಣ್ಣನಿಗೆ ಕಬ್ಬಿನ ಹೊಲ, ಎರಡು ಎಮ್ಮೆ, ಇಬ್ಬರು ಮಕ್ಕಳು, ಮತ್ತು ನಮ್ಮ ವೈನಿ.

ವೈನಿಗೆ ಇಪ್ಪತ್ತೊಂಬತ್ತು ವರ್ಷ. ಎರಡನೇ ಹೆರಿಗೆ ಆದಮೇಲೆ ಮೈ ತುಂಬಿಕೊಂಡಿತ್ತು. "ಬಾಣಂತನ ಚಲೋ ಆಗೈತಿ" ಅಂತ ಓಣಿಯವರೆಲ್ಲ ಹೊಗಳಿದ್ದರು. ಮಗುವಿಗೆ ಎರಡು ತುಂಬುವ ಹೊತ್ತಿಗೆ ತಲೆನೋವು ಶುರುವಾಯಿತು. ಬೆಳಿಗ್ಗೆ ಏಳುವಾಗಲೇ ಜೋರು. ಕೆಮ್ಮಿದರೆ, ಕೊಡ ಎತ್ತಿದರೆ ಇನ್ನೂ ಜೋರು. ಮೆಡಿಕಲ್ ಅಂಗಡಿಯ ಗುಳಿಗೆ ದಿನಕ್ಕೊಂದು, ಆಮೇಲೆ ಎರಡು.

ಆಮೇಲೆ ಇನ್ನೊಂದು ಶುರುವಾಯಿತು. ಅಂಗಳ ಕಸ ಹೊಡೆಯಲು ಬಗ್ಗಿ ಎದ್ದರೆ ಕಣ್ಣ ಮುಂದೆ ಎರಡು ಸೆಕೆಂಡು ಪರದೆ ಬಿದ್ದ ಹಾಗೆ! ಥಿಯೇಟರಿನಲ್ಲಿ ಕರೆಂಟು ಹೋಗಿ ಬರುತ್ತದಲ್ಲ, ಥೇಟ್ ಹಾಗೆ. ರಾತ್ರಿ ಮಲಗಿದರೆ ಕಿವಿಯಲ್ಲಿ ಸದ್ದು. "ಹೊಲದಾಗ ಪಂಪ್‌ಸೆಟ್ ಚಾಲೂ ಬಿಟ್ಟೀರೇನು?" ಅಂತ ಅಣ್ಣನನ್ನು ಎಬ್ಬಿಸುತ್ತಿದ್ದರು. ಪಂಪ್‌ಸೆಟ್ ಬಂದ್ ಇರುತ್ತಿತ್ತು. ಆ ಸದ್ದು ಅವರ ನಾಡಿಯ ಬಡಿತದ ಜೊತೆಗೇ ಹುಸ್ಸ್... ಹುಸ್ಸ್... ಅಂತಿತ್ತು.

ಮನೆಮಂದಿ ಏನಂದರು? ಅವ್ವ "ಪಿತ್ತ" ಅಂದಳು. ನೆರೆಯವಳು "ದೃಷ್ಟಿ ಆಗೈತಿ" ಅಂದಳು. ಒಬ್ಬ ಡಾಕ್ಟರು ಮೈಗ್ರೇನ್ ಅಂದರು. ಇನ್ನೊಬ್ಬರು ಕನ್ನಡಕ ಬರೆದುಕೊಟ್ಟರು; ಒಂದೇ ವರ್ಷದಲ್ಲಿ ಎರಡು ಸಲ ನಂಬರು ಬದಲಾಯಿತು. ಕಿವಿಯಲ್ಲಿ ಸದ್ದು ಅಂದದ್ದಕ್ಕೆ ಕೆಲವರು ತಲೆಯ ಪಕ್ಕ ಬೆರಳು ತಿರುಗಿಸಿ ತೋರಿಸಿದರು. 'ಶರಪಂಜರ'ದ ಕಾವೇರಿಯನ್ನು ಕಂಡು ಅತ್ತ ಊರೇ ಇದು, ಸ್ವಾಮಿ! ತೆರೆಯ ಮೇಲೆ ಕಲ್ಪನಾಗೆ ಕಣ್ಣೀರು, ಪಕ್ಕದ ಮನೆಯವಳಿಗೆ "ಹುಚ್ಚು ಹಿಡದೈತಿ" ಅನ್ನೋ ಪಟ್ಟ.

ಕಡೆಗೆ ಒಂದು ಕಣ್ಣಿನ ತಪಾಸಣೆ ಶಿಬಿರ. ಅಲ್ಲಿದ್ದ ಹುಡುಗಿ ಡಾಕ್ಟರು ಕಣ್ಣಿಗೆ ಹನಿ ಬಿಟ್ಟು, ದೀಪದ ಯಂತ್ರ ಹಿಡಿದು ಒಳಗೆ ನೋಡಿದರು. ಬಲಗಣ್ಣು ನೋಡಿದರು, ಎಡಗಣ್ಣು ನೋಡಿದರು, ಮತ್ತೆ ಬಲಗಣ್ಣು ನೋಡಿದರು. ಆಮೇಲೆ ಬಿ.ಪಿ. ನೋಡಿ, "ಇವತ್ತೇ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ. ನಾಳೆ ಅನಬ್ಯಾಡ್ರಿ" ಅಂದರು.

ಆಲಮಟ್ಟಿಯ ಹಿನ್ನೀರು, ತಲೆಯ ಒಳನೀರು

ಆ ಡಾಕ್ಟರು ಒಳಗೆ ಕಂಡದ್ದೇನು? ಅದನ್ನು ತಿಳಿಯಬೇಕಾದರೆ ನಮ್ಮೂರಿನ ನೀರಿನ ಲೆಕ್ಕ ಗೊತ್ತಿರಬೇಕು.

ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಮಳೆಗಾಲದಲ್ಲಿ ಕೃಷ್ಣೆ ತುಂಬಿ ಬರುತ್ತಾಳೆ. ಎಷ್ಟು ನೀರು ಬರುತ್ತದೋ ಅಷ್ಟು ಗೇಟಿನಿಂದ ಹೊರಗೆ ಹೋದರೆ ಯಾರಿಗೂ ತೊಂದರೆ ಇಲ್ಲ. ಬರುವುದು ಹೆಚ್ಚು, ಹೋಗುವುದು ಕಡಿಮೆ ಆದರೆ? ನೀರು ಹಿಂದಕ್ಕೆ ಏರುತ್ತದೆ. ಘಟಪ್ರಭೆಯಲ್ಲೂ ಹಿನ್ನೀರು ನಿಲ್ಲುತ್ತದೆ. ಅಣೆಕಟ್ಟು ಇರುವುದು ಎಲ್ಲೋ ದೂರ, ಹೊಲ ಮುಳುಗುವುದು ಇನ್ನೆಲ್ಲೋ!

ನಮ್ಮ ತಲೆಬುರುಡೆಯಲ್ಲೂ ಹೀಗೇ ಒಂದು ನೀರಿದೆ. ಮೆದುಳು, ಬೆನ್ನುಹುರಿ ಎರಡೂ ಅದರಲ್ಲೇ ತೇಲುವುದು. ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿ. ಒಂದು ಚಹಾ ಲೋಟದಷ್ಟು. ಆದರೆ ದಿನಕ್ಕೆ ತಯಾರಾಗುವುದು ಸುಮಾರು 500 ಮಿಲಿ. ಅಂದರೆ ಹಳೆಯ ನೀರು ದಿನಕ್ಕೆ ಮೂರು ಸಲ ಹೋಗಿ ಹೊಸದು ಬರಬೇಕು. ಹೆಚ್ಚಿನ ಪಾಲು ಹೊರಗೆ ಹೋಗುವುದು ತಲೆಯ ದೊಡ್ಡ ರಕ್ತನಾಳಗಳ ದಾರಿಯಿಂದ. ಆ ದಾರಿಯಲ್ಲಿ ಸರಾಗ ಇಲ್ಲದಿದ್ದರೆ ಒಳಗೆ ಒತ್ತಡ ಏರುತ್ತದೆ. ಬುರುಡೆ ಗಟ್ಟಿ ಎಲುಬು, ಬಲೂನಿನಂತೆ ಹಿಗ್ಗುವುದಿಲ್ಲ.

ಆಗ ಮುಳುಗುವ ಹೊಲ ಯಾವುದು ಗೊತ್ತೆ? ಕಣ್ಣು!

ಸಿನಿಮಾದವರ ಭಾಷೆಯಲ್ಲಿ ಹೇಳ್ತೀನಿ. ಕಣ್ಣು ಕ್ಯಾಮೆರಾ. ಮುಂದಿನ ಕಾರ್ನಿಯಾ ಅದರ ಗಾಜು. ಹಿಂದಿನ ರೆಟಿನಾ ಫಿಲ್ಮು. ಆದರೆ ಚಿತ್ರ ತೆರೆ ಕಾಣುವುದು ಮೆದುಳೆಂಬ ಥಿಯೇಟರಿನಲ್ಲಿ. ಕ್ಯಾಮೆರಾದಿಂದ ಥಿಯೇಟರಿಗೆ ಹೋಗುವ ವೈರೇ ದೃಷ್ಟಿನರ. ಒಂದೊಂದು ಕಣ್ಣಿನ ವೈರಿನಲ್ಲಿ ಹತ್ತು ಲಕ್ಷಕ್ಕೂ ಮೇಲೆ ಎಳೆಗಳಿವೆ. ಈ ವೈರಿನ ಸುತ್ತಲಿನ ಕವಚದೊಳಗೂ ಅದೇ ಒಳನೀರು ಇರುತ್ತದೆ. ತಲೆಯಲ್ಲಿ ಒತ್ತಡ ಏರಿದರೆ ಕವಚದಲ್ಲೂ ಏರುತ್ತದೆ. ನರ ಕಣ್ಣಿನೊಳಗೆ ಸೇರುವ ಜಾಗ ಊದಿಕೊಳ್ಳುತ್ತದೆ. ಡಾಕ್ಟರರು ಇದನ್ನು ಪ್ಯಾಪಿಲೆಡೀಮಾ ಅನ್ನುತ್ತಾರೆ. ವೈನಿಯ ಎರಡೂ ಕಣ್ಣಲ್ಲಿ ಆ ಡಾಕ್ಟರು ಕಂಡದ್ದು ಅದೇ ಊತ.

ಆ ದೀಪದ ಯಂತ್ರ ಇವತ್ತಿನದಲ್ಲ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ 1851ರಲ್ಲೇ ಅದನ್ನು ಮಾಡಿ ತೋರಿಸಿದ. ತಲೆಯೊಳಗಿನ ಒತ್ತಡವನ್ನು ಕಣ್ಣಿನ ಕಿಟಕಿಯಿಂದ ಇಣುಕಿ ನೋಡಬಹುದು! ಎರಡು ನಿಮಿಷದ ಕೆಲಸ. ಆ ಎರಡು ನಿಮಿಷಕ್ಕಾಗಿ ನಮ್ಮ ವೈನಿ ಒಂದು ವರ್ಷ ಕಾದರು.

ಖಳನಾಯಕನಿಗೆ ಸಾಧು ಅಂತ ಹೆಸರು

ಕಾಯಿಲೆಯ ಹೆಸರು ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್. ಉಸಿರು ಕಟ್ಟಿತಾ? ಐ.ಐ.ಎಚ್. ಅನ್ನಿ ಸಾಕು. ಕಾರಣ ಇಂಥದ್ದೇ ಅಂತ ಹೇಳಲಾಗದ, ತಲೆಬುರುಡೆಯೊಳಗಿನ ಒತ್ತಡ ಅಂತ ಅರ್ಥ. ಇದಕ್ಕೂ ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ.ಗೂ ಸಂಬಂಧ ಕಲ್ಪಿಸಬೇಡಿ. ಅದು ಬೇರೆ, ಇದು ಬೇರೆ. ಆದರೆ ಬಿ.ಪಿ. ವಿಪರೀತ ಏರಿದಾಗಲೂ ಕಣ್ಣಿನ ನರ ಊದಬಹುದು, ಅದಕ್ಕೇ ಮೊದಲು ಬಿ.ಪಿ. ನೋಡುತ್ತಾರೆ.

ಇದರ ಹೆಸರಿನ ಚರಿತ್ರೆಯೂ ಸಿನಿಮಾ ಕಥೆಯ ಹಾಗೇ ಇದೆ. ಜರ್ಮನಿಯ ಕ್ವಿಂಕೆ ಎಂಬ ವೈದ್ಯ 1890ರ ದಶಕದಲ್ಲಿ ಇಂಥ ರೋಗಿಗಳನ್ನು ವಿವರಿಸಿದ. ಬೆನ್ನಿನಿಂದ ಆ ನೀರು ತೆಗೆಯುವ ವಿಧಾನವನ್ನು 1891ರಲ್ಲಿ ಜಾರಿಗೆ ತಂದವನೂ ಅವನೇ. 1904ರಲ್ಲಿ ನೊನ್ನೆ ಎಂಬಾತ "ಸುಳ್ಳು ಟ್ಯೂಮರ್" ಅಂತ ಅರ್ಥ ಬರುವ ಹೆಸರು ಕೊಟ್ಟ. ಲಕ್ಷಣ ಎಲ್ಲ ಟ್ಯೂಮರಿನದು, ತೆರೆದು ನೋಡಿದರೆ ಟ್ಯೂಮರೇ ಇಲ್ಲ. ಡಬ್ಬಲ್ ಆ್ಯಕ್ಟಿಂಗ್! 1937ರಲ್ಲಿ ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಇಂಥ 22 ರೋಗಿಗಳ ವಿವರ ಬರೆದ. ಅವನ ಹೆಸರಿನ ಲಕ್ಷಣಪಟ್ಟಿಯನ್ನೇ ತಿದ್ದಿ ತಿದ್ದಿ ಡಾಕ್ಟರರು ಮುಂದೆ ಬಳಸಿದರು.

1955ರಲ್ಲಿ ಒಂದು ಯಡವಟ್ಟಾಯಿತು. ಜೀವಕ್ಕೆ ಅಪಾಯ ಇಲ್ಲವಲ್ಲ ಅಂತ ಇದಕ್ಕೆ "ಬಿನೈನ್" ಅಂತ ಸೇರಿಸಿದರು. ಬಿನೈನ್ ಅಂದರೆ ನಿರುಪದ್ರವಿ, ಸಾಧು. ವಜ್ರಮುನಿಗೆ ಕಾವಿ ಉಡಿಸಿ ನಿಲ್ಲಿಸಿದ ಹಾಗಾಯಿತು! 1982ರಲ್ಲಿ ಅಮೆರಿಕದ ವೈದ್ಯರು 57 ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ವರದಿ ಬಂತು. ಅವರಲ್ಲಿ ಸುಮಾರು ಕಾಲು ಭಾಗದಷ್ಟು ಜನಕ್ಕೆ ಒಂದು ಕಣ್ಣಲ್ಲೋ ಎರಡರಲ್ಲೋ ದೃಷ್ಟಿ ಗಂಭೀರವಾಗಿ ಹಾಳಾಗಿತ್ತು. ಸಾಧು ಅನ್ನುವ ಬಿರುದು ಆಮೇಲೆ ಕಿತ್ತುಹೋಯಿತು.

ಪ್ರಾಣ ತೆಗೆಯುವುದಿಲ್ಲ, ನಿಜ. ಬೆಳಕು ತೆಗೆಯುತ್ತದೆ.

"ಸಹಿ ನಾನ ಮಾಡ್ತೀನಿ"

ಅಣ್ಣ ವೈನಿಯನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದ. ನಾನೂ ಹೋಗಿದ್ದೆ. ಮೊದಲು ಎಂ.ಆರ್.ಐ. ಆಯಿತು, ಜೊತೆಗೆ ತಲೆಯ ರಕ್ತನಾಳಗಳ ಚಿತ್ರ, ಎಂ.ಆರ್.ವಿ. ಎರಡನೆಯದು ಯಾಕೆ ಅಂತ ಕೇಳಿದೆ. ಆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೂ ಇದೇ ತಲೆನೋವು, ಇದೇ ಕಣ್ಣಿನ ಊತ ಬರುತ್ತದಂತೆ. ಅದು ಬೇರೆ ಕಾಯಿಲೆ, ಔಷಧವೂ ಬೇರೆ, ಅದರಲ್ಲಿ ಜೀವಕ್ಕೇ ಅಪಾಯ. ನಮ್ಮ ದೇಶದಲ್ಲಿ ಬಾಣಂತಿಯರಲ್ಲಿ ಅದು ಕಾಣಿಸಿಕೊಳ್ಳುವುದನ್ನು ಡಾಕ್ಟರರು ಬಹಳ ಕಾಲದಿಂದ ಬಲ್ಲರು. ಹೆಪ್ಪಿಲ್ಲ ಅಂತ ಖಾತ್ರಿಯಾಗದೆ ಐ.ಐ.ಎಚ್. ಅಂತ ಮುದ್ರೆ ಒತ್ತುವ ಹಾಗಿಲ್ಲ.

ರಿಪೋರ್ಟು ಬಂತು. ಟ್ಯೂಮರ್ ಇಲ್ಲ, ಹೆಪ್ಪೂ ಇಲ್ಲ.

ಅಣ್ಣ ಎರಡೂ ಕೈ ಮೇಲೆತ್ತಿ ಕೂಡಲಸಂಗಮನಾಥನಿಗೆ ಮುಗಿದ. "ಏನೂ ಇಲ್ಲಂದ್ರಲ್ಲಪಾ, ನಡೀ ಮನಿಗೆ ಹೋಗೋಣು. ಎಮ್ಮಿ ಹಿಂಡೋರು ಯಾರಿಲ್ಲ" ಅಂದ. ಅವನ ಕಿವಿಯಲ್ಲಿ ದೇವಸ್ಥಾನದ ಗಂಟೆ ಬಾರಿಸಿತ್ತು. ಶುಭಂ ಬಿದ್ದಿತ್ತು. ಗೆಳೆಯರೇ, ಎಷ್ಟೋ ಮನೆಗಳಲ್ಲಿ ಕಥೆ ಇಲ್ಲೇ ಕೆಡುವುದು. ಟ್ಯೂಮರ್ ಇಲ್ಲ ಅಂದ ಕೂಡಲೇ ಗಂಟು ಕಟ್ಟಿಕೊಂಡು ಊರಿಗೆ ಬಂದುಬಿಡುತ್ತಾರೆ. ಆಮೇಲೆ ಒಂದು ದಿನ ಕಣ್ಣು ಕಾಣದೆ ಮತ್ತೆ ಹೋಗುತ್ತಾರೆ.

ಡಾಕ್ಟರು ತಡೆದರು. "ಬೆನ್ನಿನಿಂದ ನೀರು ತೆಗೆದು ಒತ್ತಡ ಅಳೀಬೇಕು" ಅಂದರು. ಲಂಬಾರ್ ಪಂಕ್ಚರ್. ಅವ್ವ ಅಲ್ಲೇ ಕೂತು ಅಳಲು ಶುರು ಮಾಡಿದಳು. "ಬೆನ್ನಾಗ ಸೂಜಿ ಚುಚ್ಚಿದ್ರ ಕಾಲು ಹೊಕ್ಕಾವ. ಬ್ಯಾಡ ಯಪ್ಪಾ, ಬ್ಯಾಡ!" ಅಣ್ಣ ಕಾಗದ ಕೈಲಿ ಹಿಡಿದು ಗೋಡೆ ನೋಡುತ್ತ ನಿಂತ. ಸಹಿ ಮಾಡಲೊಲ್ಲ.

ಡಾಕ್ಟರು ಸಿಟ್ಟಾಗಲಿಲ್ಲ. ತಮ್ಮ ಬೆನ್ನನ್ನೇ ಮುಟ್ಟಿ ತೋರಿಸಿದರು. ಬೆನ್ನುಹುರಿ ಮುಗಿಯುವುದು ಇಲ್ಲಿ, ಸೊಂಟಕ್ಕಿಂತ ಮೇಲೆ. ಸೂಜಿ ಹಾಕುವುದು ಅದರ ಕೆಳಗೆ, ಹುರಿಯೇ ಇಲ್ಲದ ಜಾಗಕ್ಕೆ. ಎರಡು ದಿನ ಕೂತಾಗ ತಲೆನೋವು ಬರಬಹುದು, ಬೆನ್ನು ನೋಯಬಹುದು. ಟ್ಯೂಮರ್ ಇದೆಯೋ ಅಂತ ಮೊದಲು ಸ್ಕ್ಯಾನ್ ಮಾಡಿದ್ದೂ ಇದಕ್ಕೇ. ಇದ್ದಿದ್ದರೆ ಹೀಗೆ ನೀರು ತೆಗೆಯುವುದು ಅಪಾಯ, ಇಲ್ಲ ಅಂತ ಆದಮೇಲೆ ಹೆದರಿಕೆ ಇಲ್ಲ.

ಅಣ್ಣ ಆಗಲೂ ಮಾತಾಡಲಿಲ್ಲ. ಮಂಚದ ಮೇಲಿಂದ ವೈನಿಯ ಧ್ವನಿ ಬಂತು. "ಇಲ್ಲಿ ಕೊಡ್ರಿ ಅದನ್ನ. ಕಣ್ಣು ನನ್ನವು. ಸಹಿ ನಾನ ಮಾಡ್ತೀನಿ."

ಏಳನೇ ಇಯತ್ತೆ ಓದಿದ ಹೆಂಗಸು. ಅಕ್ಷರ ಮಬ್ಬಾಗಿ ಕಾಣುತ್ತಿದ್ದರೂ ಕಾಗದವನ್ನು ಮೂಗಿನ ಹತ್ತಿರ ಹಿಡಿದು ಇಡೀ ಹೆಸರು ಬರೆದರು. ಎಷ್ಟೋ ಕ್ಲೈಮ್ಯಾಕ್ಸ್ ನೋಡಿ ಶಿಳ್ಳೆ ಹೊಡೆದವನು ನಾನು. ಅವತ್ತು ಶಿಳ್ಳೆ ಹೊಡೆಯೋ ಹಾಗಿರಲಿಲ್ಲ, ಆಸ್ಪತ್ರೆ!

ಪಕ್ಕಕ್ಕೆ ಮಲಗಿಸಿ, ಮೊಣಕಾಲು ಹೊಟ್ಟೆಗೆ ಸೇರಿಸಿ, ಸೂಜಿ ಹಾಕಿ, ಅದಕ್ಕೊಂದು ನಳಿಗೆ ಜೋಡಿಸುತ್ತಾರೆ. ನೀರು ನಳಿಗೆಯಲ್ಲಿ ಎಷ್ಟು ಎತ್ತರ ಏರುತ್ತದೋ ಅದೇ ಒತ್ತಡ. ದೊಡ್ಡವರಲ್ಲಿ 25 ಸೆಂಟಿಮೀಟರ್ ಮುಟ್ಟಿದರೆ ಹೆಚ್ಚು ಅಂತ ಲೆಕ್ಕ. ವೈನಿಯದು 36! ನೀರು ಮಾತ್ರ ಗಾಜಿನಂತೆ ತಿಳಿ. ಸೋಂಕಿಲ್ಲ, ಬೇರೇನೂ ಇಲ್ಲ. ಕಣ್ಣಿನ ಊತ, ಖಾಲಿ ಸ್ಕ್ಯಾನು, ತಿಳಿನೀರು, ಏರಿದ ಒತ್ತಡ. ನಾಲ್ಕೂ ಸೇರಿದ ಮೇಲೆ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು.

ಅಪ್ಪು ಕೊಟ್ಟ ಕಣ್ಣು, ಅಣ್ಣ ಕೊಡಹೋದ ಕಣ್ಣು

ಆಮೇಲೆ ದೃಷ್ಟಿಯ ಬಯಲು ಎಷ್ಟಿದೆ ಅಂತ ನೋಡುವ ಯಂತ್ರದ ಮುಂದೆ ಕೂರಿಸಿದರು. ಮಿಣುಕು ಬೆಳಕು ಕಂಡಾಗೆಲ್ಲ ಗುಂಡಿ ಒತ್ತಬೇಕು. ಬಂದ ಚಿತ್ರದಲ್ಲಿ ಎಡಗಣ್ಣಿಗೆ ಅಂಚಿನಲ್ಲಿ ಸ್ವಲ್ಪ ಕಪ್ಪು. ಬಲಗಣ್ಣಿಗೆ ಕೆಳಮೂಲೆ ಪೂರಾ ಕಪ್ಪು. ನೇರ ನೋಟ ಚೆನ್ನಾಗೇ ಇದ್ದದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಈ ಕಳ್ಳ ಪರದೆಯನ್ನು ಅಂಚಿನಿಂದ ಎಳೆಯುತ್ತ ಬರುತ್ತಾನೆ.

ಅಣ್ಣನಿಗೆ ಆಗ ತಿಳಿಯಿತು. ಡಾಕ್ಟರ ಮುಂದೆ ನಿಂತು, "ಸಾಹೇಬ್ರ, ಅಪ್ಪು ಸರ್ ಕಣ್ಣು ಕೊಟ್ರಲ್ರೀ, ಹಂಗ ನಂದೊಂದು ಕಣ್ಣು ಆಕಿಗೆ ಹಾಕ್ರಿ. ನನಗೊಂದು ಸಾಕು" ಅಂದ. ಗೋಡೆ ನೋಡುತ್ತ ನಿಂತಿದ್ದವನು ಇವನೇ!

ಅಭಿಮಾನಿಗಳೇ, ಈ ಮಾತು ನಿಮಗೂ ಬೇಕು. 2006ರ ಏಪ್ರಿಲ್ 12ರಂದು ಡಾ. ರಾಜ್ ತೀರಿಕೊಂಡಾಗ ಅವರ ಕಣ್ಣು ದಾನವಾದವು. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗ ಅವರ ಕಣ್ಣಿನ ಕಾರ್ನಿಯಾವನ್ನು ಪದರ ಬಿಡಿಸಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ಕು ಜನಕ್ಕೆ ಹಾಕಿದರು. ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ದಾನವಾಗಿ ಕೆಲಸಕ್ಕೆ ಬರುವುದು ಮುಂದಿನ ಗಾಜು ಮಾತ್ರ. ಹಿಂದಿನ ವೈರು ಒಮ್ಮೆ ಒಣಗಿದರೆ ಅದನ್ನು ಬದಲಾಯಿಸಿ ಬೆಳಕು ತರಲು ಇವತ್ತಿನವರೆಗೆ ಲೋಕದಲ್ಲಿ ಯಾರಿಗೂ ಆಗಿಲ್ಲ. ಅಣ್ಣನ ಪ್ರೀತಿಯಾಗಲಿ, ದೇವರಂಥ ದಾನಿಯಾಗಲಿ ಇಲ್ಲಿ ಉಪಯೋಗವಿಲ್ಲ. ಉಪಯೋಗಕ್ಕೆ ಬರುವುದು ಒಂದೇ: ಬೇಗ ಹೋಗುವುದು.

ಮಾತ್ರೆ, ಮತ್ತು ಬುದ್ಧಿ ಹೇಳುವ ತಕ್ಕಡಿ

ಚಿಕಿತ್ಸೆಗೆ ಎರಡು ಕಾಲು. ಒಂದು ಮಾತ್ರೆ, ಇನ್ನೊಂದು ತೂಕ.

ಮಾತ್ರೆಯ ಹೆಸರು ಅಸಿಟಜೋಲಮೈಡ್. ಒಳನೀರು ತಯಾರಾಗುವುದನ್ನೇ ಇದು ಕಡಿಮೆ ಮಾಡುತ್ತದೆ. ಬರುವ ನೀರು ತಗ್ಗಿದರೆ ಹಿನ್ನೀರೂ ಇಳಿಯುತ್ತದೆ. ಹೊಸ ಮಾತ್ರೆಯಲ್ಲ, ದುಬಾರಿಯೂ ಅಲ್ಲ. ಆದರೆ ತಂಟೆ ಇದೆ. ಬೆರಳು, ತುಟಿ ಜುಮ್ಮೆನ್ನುತ್ತವೆ, ಪದೇ ಪದೇ ಮೂತ್ರ, ಸುಸ್ತು. ಸೋಡಾ ಕುಡಿದರೆ ರುಚಿಯೇ ಕೆಟ್ಟದಾಗಿರುತ್ತದೆ. "ಸೋಡಾ ಅಂಗಡಿಯವ ಮೋಸ ಮಾಡ್ಯಾನ" ಅಂತ ವೈನಿ ಜಗಳಕ್ಕೇ ಹೋಗಿದ್ದರು! ಕೆಲವರಿಗೆ ಮೂತ್ರಪಿಂಡದಲ್ಲಿ ಕಲ್ಲಾಗಬಹುದು. ಬಸುರಿಯರು, ಗಂಧಕದ ಮದ್ದು ಒಗ್ಗದವರು ಡಾಕ್ಟರಿಗೆ ಮೊದಲೇ ಹೇಳಬೇಕು. ಅಂಗಡಿಯಲ್ಲಿ ಕೇಳಿ ತಂದು ನುಂಗುವ ಮಾತ್ರೆ ಇದಲ್ಲ.

ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದ ಫಲ 2014ರಲ್ಲಿ ಪ್ರಕಟವಾಯಿತು. 165 ರೋಗಿಗಳು, ಆರು ತಿಂಗಳು. ಎಲ್ಲರಿಗೂ ಉಪ್ಪು ಕಡಿಮೆಯ, ತೂಕ ಇಳಿಸುವ ಊಟ. ಅರ್ಧ ಜನಕ್ಕೆ ಈ ಮಾತ್ರೆ, ಇನ್ನರ್ಧಕ್ಕೆ ಬರೀ ಹಿಟ್ಟಿನ ಮಾತ್ರೆ. ಅಸಲಿ ಮಾತ್ರೆ ತಿಂದವರ ದೃಷ್ಟಿ ಹೆಚ್ಚು ಸುಧಾರಿಸಿತು. ಆ 165ರಲ್ಲಿ ಗಂಡಸರು ನಾಲ್ಕೇ ಜನ. ಅಷ್ಟರ ಮಟ್ಟಿಗೆ ಇದು ಹೆಂಗಸರ ಕಾಯಿಲೆ, ಅದರಲ್ಲೂ ಹೆರುವ ವಯಸ್ಸಿನ, ತೂಕ ಏರಿದ ಹೆಂಗಸರದ್ದು.

ತೂಕದ ಮಾತು ಬಂತು. ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಕಾಮಿಡಿಗಳಲ್ಲಿ ದಪ್ಪಗಿರುವವರು ಬಂದರೆ ಸಾಕು, ಕುರ್ಚಿ ಮುರಿಯುತ್ತದೆ, ನಾವು ನಗುತ್ತೇವೆ. ಒಬ್ಬ ನಟಿ ನಾಲ್ಕು ಕೆ.ಜಿ. ಏರಿದರೆ ಅಭಿಮಾನಿಗಳೇ ಮೊಬೈಲಿನಲ್ಲಿ ಹರಾಜು ಹಾಕುತ್ತೀರಿ. ಅದೇ ಗೇಲಿಗೆ ಹೆದರಿ ಎಷ್ಟೋ ಹೆಣ್ಣುಮಕ್ಕಳು ಡಾಕ್ಟರ ಹತ್ತಿರವೇ ಹೋಗುವುದಿಲ್ಲ. "ದಪ್ಪ ಆಗೀಯಲ್ಲ, ಅದಕ್ಕ ತೆಲಿ ನೋಯತೈತಿ" ಅಂತ ಬೈಸಿಕೊಳ್ಳೋದು ಯಾರಿಗೆ ಬೇಕು? ತೂಕ ಇಳಿಸುವುದು ಇಲ್ಲಿ ಅಂದಕ್ಕಲ್ಲ, ಔಷಧಿ ಅದು. ತೂಕ ಇಳಿದರೆ ಒತ್ತಡ ಇಳಿಯುತ್ತದೆ. ಕಾಯಿಲೆ ಪೂರಾ ಅಡಗಬೇಕಾದರೆ ಕೆಲವರಿಗೆ ಇದ್ದ ತೂಕದಲ್ಲಿ ನೂರಕ್ಕೆ ಹದಿನೈದರಷ್ಟು ಇಳಿಸಬೇಕಾಗುತ್ತದೆ. ತೂಕ ವಿಪರೀತ ಇದ್ದವರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿದರೆ ತಲೆಯ ಒತ್ತಡ ಹೆಚ್ಚು ಇಳಿಯುತ್ತದೆ ಅಂತ ಬ್ರಿಟನ್ನಿನಲ್ಲಿ 66 ಹೆಂಗಸರನ್ನು ಸೇರಿಸಿ ಮಾಡಿದ ಪರೀಕ್ಷೆ 2021ರಲ್ಲಿ ತೋರಿಸಿತು.

ವೈನಿ ಏನು ಮಾಡಿದರು? ಜೋಳದ ರೊಟ್ಟಿ ಬಿಡಲಿಲ್ಲ, ಲೆಕ್ಕ ಇಟ್ಟರು. ಬೆಲ್ಲದ ಚಹಾ ಆರರಿಂದ ಒಂದಕ್ಕೆ ಇಳಿಯಿತು. ಉಪ್ಪಿನಕಾಯಿ ಬಂದ್. ಸಂಜೆ ಅಣ್ಣ ಮತ್ತು ವೈನಿ ಸೇತುವೆಯ ತನಕ ನಡೆಯಲು ಶುರು ಮಾಡಿದರು. ಮೊದಲ ವಾರ ಕಟ್ಟೆಯ ಮೇಲೆ ಕೂತವರು ನಕ್ಕರು. ಆಮೇಲೆ ಸುಮ್ಮನಾದರು. ಏಳು ತಿಂಗಳಲ್ಲಿ ಹನ್ನೊಂದು ಕೆ.ಜಿ. ಇಳಿಯಿತು. ಕಿವಿಯ ಪಂಪ್‌ಸೆಟ್ ನಿಂತಿತು. ಕಣ್ಣಿನ ಊತ ಇಳಿಯಿತು. ಎಡಗಣ್ಣಿನ ಕಪ್ಪು ಹೋಯಿತು. ಬಲಗಣ್ಣಿನ ಆ ಮೂಲೆ ಮಾತ್ರ ಮರಳಲಿಲ್ಲ. ಆ ಕಡೆ ಇಟ್ಟ ಚೊಂಬಿಗೆ ಈಗಲೂ ಕೈ ತಾಗಿ ಬೀಳುತ್ತದೆ. ಯಾರೂ ಬೈಯುವುದಿಲ್ಲ, ಅಣ್ಣ ಎದ್ದು ಎತ್ತಿಡುತ್ತಾನೆ.

ಮಾತ್ರೆಗೆ ಬಗ್ಗದೆ ದೃಷ್ಟಿ ಓಡುತ್ತಿದ್ದರೆ ಶಸ್ತ್ರಚಿಕಿತ್ಸೆ ಇದೆ. ಒಳನೀರು ಹೊಟ್ಟೆಗೆ ಹರಿಯುವ ಹಾಗೆ ಚರ್ಮದಡಿ ಸಣ್ಣ ನಳಿಗೆ ಹಾಕುತ್ತಾರೆ, ಅದು ಷಂಟ್. ಇಲ್ಲವೇ ಕಣ್ಣಿನ ನರದ ಕವಚಕ್ಕೆ ಕಿಂಡಿ ಕೊಯ್ಯುತ್ತಾರೆ. ತಲೆಯ ರಕ್ತನಾಳ ಸಂದಾಗಿದ್ದರೆ ಕೆಲವರಿಗೆ ಸ್ಟೆಂಟ್ ಇಡುವುದೂ ಉಂಟು. ಕೆಲವರಲ್ಲಿ ಕಾಯಿಲೆ ಕೆಲವೇ ವಾರಗಳಲ್ಲಿ ದೃಷ್ಟಿ ನುಂಗುತ್ತದೆ. ಅವರಿಗೆ ಇದು ದಿನಗಳ ಲೆಕ್ಕ, ತಿಂಗಳದ್ದಲ್ಲ.

ಹುಡುಗರೇ, ನೀವು ತಪ್ಪಿಸಿಕೊಂಡಿರಿ ಅನ್ಕೋಬೇಡಿ

ಹೆಂಗಸರ ಕಾಯಿಲೆ ಅಂದೆನಲ್ಲ, ಪುಟ ತಿರುಗಿಸಬೇಡಿ. ಗಂಡಸರಿಗೆ ಬರುವುದು ಅಪರೂಪ. ಆದರೆ ಬಂದರೆ ದೃಷ್ಟಿ ಗಂಭೀರವಾಗಿ ಹಾಳಾಗುವ ಸಂಭವ ಹೆಂಗಸರಿಗಿಂತ ಎರಡು ಪಟ್ಟು ಅಂತ 2009ರ ಒಂದು ಅಧ್ಯಯನ ಹೇಳಿದೆ. ಜೋರಾಗಿ ಗೊರಕೆ ಹೊಡೆದು, ನಿದ್ದೆಯಲ್ಲಿ ಉಸಿರು ಕಟ್ಟುವ ಗಂಡಸರು ಈ ರೋಗಿಗಳಲ್ಲಿ ಹೆಚ್ಚು ಕಾಣುತ್ತಾರೆ.

ಇನ್ನೊಂದು. ಕೆಲವು ಔಷಧಿಗಳಿಂದಲೂ ತಲೆಯ ಒತ್ತಡ ಹೀಗೇ ಏರುತ್ತದೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್ ಮಾತ್ರೆಗಳು. ಅತಿಯಾದ ವಿಟಮಿನ್ ಎ. ಬೆಳವಣಿಗೆಯ ಹಾರ್ಮೋನು ಇಂಜೆಕ್ಷನ್. ಬಹಳ ದಿನ ತಿಂದ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸುವುದು. ಈಗ ಯೋಚಿಸಿ. ಹೀರೋನ ಮುಖದಂತೆ ನುಣುಪಾಗಬೇಕು ಅಂತ ಗೆಳೆಯನ ಚೀಟಿ ತೋರಿಸಿ ಮೊಡವೆ ಮಾತ್ರೆ ತರುವವರು ಯಾರು? ಸಿಕ್ಸ್ ಪ್ಯಾಕ್ ಬೇಕು ಅಂತ ಜಿಮ್ಮಿನ ಹಿಂಬಾಗಿಲಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರು ಯಾರು? ಡಾಕ್ಟರು ನೋಡಿ ಕೊಟ್ಟರೆ ಮೊಡವೆ ಮಾತ್ರೆಗೆ ಹೆದರಬೇಕಿಲ್ಲ. ಆದರೆ ಅದನ್ನು ತಿನ್ನುವಾಗ ಹೊಸ ತಲೆನೋವು, ಕಣ್ಣು ಮಬ್ಬು ಬಂದರೆ ತಕ್ಷಣ ಅವರಿಗೆ ತಿಳಿಸಿ.

ಕೇಳುವ ಪ್ರಶ್ನೆ, ಕೊಡುವ ಉತ್ತರ

ಮೊಬೈಲ್ ನೋಡಿದರೆ, ಸಿನಿಮಾ ನೋಡಿದರೆ ಬರುತ್ತದೆಯೇ? — ಇಲ್ಲ. ನಿಶ್ಚಿಂತೆಯಿಂದ ಟಿಕೆಟ್ ತಗೊಳ್ಳಿ.

ಅಂಟು ರೋಗವೇ? — ಅಲ್ಲವೇ ಅಲ್ಲ.

ಈ ಕಾಯಿಲೆಯ ಹುಡುಗಿಯನ್ನು ಮದುವೆ ಆಗಬಹುದೇ, ಮಕ್ಕಳಾಗುತ್ತವೆಯೇ? — ಆಗಬಹುದು, ಆಗುತ್ತವೆ. ಬಸುರಿಯಾಗುವ ಮೊದಲೇ ಮಾತ್ರೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಬೇಕು.

ಒಮ್ಮೆ ವಾಸಿಯಾದರೆ ಮತ್ತೆ ಬರುತ್ತದೆಯೇ? — ಬರಬಹುದು, ಮುಖ್ಯವಾಗಿ ತೂಕ ಮತ್ತೆ ಏರಿದರೆ. ಕಣ್ಣಿನ ತಪಾಸಣೆ ತಪ್ಪಿಸಬಾರದು.

ನೋವಿನ ಗುಳಿಗೆ ತಿಂದು ಸುಧಾರಿಸಬಹುದೇ? — ತಿಂಗಳಲ್ಲಿ ಅರ್ಧ ದಿನ ಗುಳಿಗೆ ತಿಂದರೆ ಗುಳಿಗೆಯೇ ಹೊಸ ತಲೆನೋವು ತರುತ್ತದೆ. ಕಣ್ಣಿನ ಊತಕ್ಕೆ ಅದು ಏನೂ ಮಾಡುವುದಿಲ್ಲ.

ಎಲ್ಲಿಗೆ ಹೋಗುವುದು? — ಮೊದಲು ಕಣ್ಣಿನ ಡಾಕ್ಟರ ಹತ್ತಿರ. ನಮ್ಮ ಕಡೆಯವರಿಗೆ ಬಾಗಲಕೋಟೆ, ವಿಜಯಪುರಗಳಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಅಂತ ಕರೆಯುವ ಸರ್ಕಾರಿ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ ಮಿಂಟೋ ಕಣ್ಣಾಸ್ಪತ್ರೆ, ನಿಮ್ಹಾನ್ಸ್ ಇವೆ. ನಿಮ್ಹಾನ್ಸ್ ಅಂದರೆ ಬರೀ ಹುಚ್ಚಾಸ್ಪತ್ರೆ ಅನ್ನುವ ಸಿನಿಮಾ ಮಾತು ನಂಬಬೇಡಿ. ನರ ಮತ್ತು ಮೆದುಳಿನ ಚಿಕಿತ್ಸೆಗೂ ದೊಡ್ಡ ಹೆಸರು ಅದು. ಹೋಗುವಾಗ ರೇಷನ್ ಕಾರ್ಡು, ಆಯುಷ್ಮಾನ್ ಕಾರ್ಡು ಜೇಬಿನಲ್ಲಿರಲಿ.

ಕಡೆಯದಾಗಿ ಒಂದು ಕೆಲಸ ಹೇಳ್ತೀನಿ, ಖರ್ಚಿಲ್ಲದ್ದು. ಇವತ್ತು ಮನೆಗೆ ಹೋದಮೇಲೆ ಅವ್ವನನ್ನು, ಅಕ್ಕನನ್ನು, ತಂಗಿಯನ್ನು, ಹೆಂಡತಿಯನ್ನು ಮೂರು ಮಾತು ಕೇಳಿ. ಬೆಳಿಗ್ಗೆ ಏಳುವಾಗ ತಲೆ ನೋಯುತ್ತದೆಯೇ? ಬಗ್ಗಿ ಎದ್ದಾಗ ಕಣ್ಣಿಗೆ ಕತ್ತಲು ಬರುತ್ತದೆಯೇ, ಒಂದು ಎರಡಾಗಿ ಕಾಣುತ್ತದೆಯೇ? ಕಿವಿಯಲ್ಲಿ ನಾಡಿಯ ಜೊತೆ ಹುಸ್ಸೆನ್ನುತ್ತದೆಯೇ? ಹೌದು ಅಂದರೆ ಗುಳಿಗೆ ತರಲು ಓಡಬೇಡಿ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, "ಕಣ್ಣಿನ ನರ ಊದೈತೇನು ನೋಡ್ರಿ" ಅಂತ ಬಾಯಿಬಿಟ್ಟು ಕೇಳಿ. ನಾಚಿಕೆ ಬೇಡ. ನೂರರಲ್ಲಿ ತೊಂಬತ್ತೊಂಬತ್ತು ಮನೆಯಲ್ಲಿ ಬೇರೆ ಏನೋ ಆಗಿರುತ್ತದೆ, ಇರಲಿ. ಆ ಒಂದು ಮನೆ ನಿಮ್ಮದಾಗಿದ್ದರೆ?

ಬಸ್ಸು ಬಂತು ಅಂತ ಕಾಣುತ್ತದೆ, ಹತ್ತಿ. ಮುಂದಿನ ವಾರ ಮತ್ತೆ ಬಣ್ಣದ ಲೋಕದಲ್ಲಿ ಸಿಗೋಣ. ನಮಸ್ಕಾರ!